ಅಟ್ಟದಲ್ಲಿ ಉಳಿದ ಜಾಲಹಳ್ಳಿಯ ವಾಲ್ವುಗಳು

ಎಂಟು ಸೆಂಟಿಮೀಟರಿಗಿಂತ ಕಡಿಮೆ ಎತ್ತರ, ಎರಡು ಸೆಂಟಿಮೀಟರಿನಷ್ಟು ದಪ್ಪ, ಬುಡದಲ್ಲಿ ಒಂಬತ್ತು ಪಿನ್ನು. ಗಾಜಿನ ನೆತ್ತಿಯ ಒಳಗೆ ಬೆಳ್ಳಿ ಬಳಿದಂಥ ಹೊಳಪು. ಹೊರಗೆ ಅರ್ಧ ಅಳಿಸಿಹೋದ ಅಕ್ಷರ: ಬಿಇಎಲ್, ಇಎಲ್84. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಈ ವಾಲ್ವಿನ ಒಂದು ಜೋಡಿ ಬೋವಿಕಾನದ ಬಳಿಯ ಮನೆಯೊಂದರ ಚಾವಡಿಯಲ್ಲಿ ಈಗಲೂ ದಿನಾ ಸಂಜೆ ಕೆಲಸ ಮಾಡುತ್ತಿದೆ.

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಬೋವಿಕಾನ, ಕಾಸರಗೋಡು ಜಿಲ್ಲೆಯ ಮುಳಿಯಾರು ಪಂಚಾಯತಿನ ಪೇಟೆ. ಪೇಟೆ ದಾಟಿದರೆ ಅಡಿಕೆ ತೋಟಗಳು. ಆ ಮನೆಯ ಹಿರಿಯರು ಒಂದು ಕಾಲದಲ್ಲಿ ಊರೂರಿನ ರೇಡಿಯೋ, ಭಜನಾ ಮಂದಿರಗಳ ಮೈಕ್ ಸೆಟ್ಟು ರಿಪೇರಿ ಮಾಡಿಯೇ ಸಂಸಾರ ಸಾಗಿಸಿದವರು. "ಹೆಸರು ಹಾಕುವುದು ಬೇಡ, ವಾಲ್ವಿನ ಬಗ್ಗೆ ಬರೆಯಿರಿ" ಎಂದರು. ಅವರ ಕಪಾಟಿನಲ್ಲಿ ಹಳೆಯ ಬಿಸ್ಕತ್ ಡಬ್ಬಗಳು, ಡಬ್ಬಗಳಲ್ಲಿ ಹತ್ತಿ ಹಾಸಿ ಮಲಗಿಸಿದ ವಾಲ್ವುಗಳು, ಒಂದೊಂದಕ್ಕೂ ದಾರ ಕಟ್ಟಿದ ಚೀಟಿ. ಚೀಟಿಯಲ್ಲಿ ಯಾವ ಸೆಟ್ಟಿನಿಂದ ತೆಗೆದದ್ದು, ಎಷ್ಟು ಕರೆಂಟು ಎಳೆಯುತ್ತದೆ ಎಂಬ ಲೆಕ್ಕ. ನಾನು ಹೋದದ್ದು ಆ ಚೀಟಿಗಳನ್ನು ನೋಡಲಿಕ್ಕೇ.

ಚರಿತ್ರೆಯನ್ನು ಅವರು ಚಿಕ್ಕದಾಗಿ ಮುಗಿಸುತ್ತಾರೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಎಲೆಕ್ಟ್ರೋಡುಗಳ ವಾಲ್ವು ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಮೂರನೆಯದೊಂದು ತಂತಿ ಸೇರಿಸಿದರು. ಅದೇ ಗ್ರಿಡ್. ಗ್ರಿಡ್‌ಗೆ ಬಂದ ಸಣ್ಣ ಏರಿಳಿತ ಆಚೆ ಬದಿಯಲ್ಲಿ ದೊಡ್ಡ ಏರಿಳಿತವಾಗುತ್ತದೆ, ಸದ್ದು ಹಿಗ್ಗುವುದು ಹೀಗೆ. 1947ರ ಕೊನೆಗೆ ವಾಲ್ವಿನ ಜಾಗ ಹಿಡಿಯಲಿದ್ದ ಟ್ರಾನ್ಸಿಸ್ಟರ್ ಹುಟ್ಟಿತು. ಆದರೂ ನಮ್ಮಲ್ಲಿ ವಾಲ್ವಿನ ತಯಾರಿಕೆ ಬೆಳೆದದ್ದು ಆಮೇಲೆ. ರಕ್ಷಣಾ ಇಲಾಖೆಯ ಅಧೀನದಲ್ಲಿ ಬಿಇಎಲ್ 1954ರಲ್ಲಿ ಸ್ಥಾಪನೆಯಾಯಿತು. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾಯಿತು, ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕಾಲವೂ ಬಂತು. ಇಂದು ಬಿಇಎಲ್ ಎಂದರೆ ಜನರಿಗೆ ಮತಯಂತ್ರ ನೆನಪಾಗುತ್ತದೆ. ಆದರೆ ಆಕಾಶವಾಣಿಯ ಬೆಂಗಳೂರು, ಧಾರವಾಡ ಕೇಂದ್ರಗಳ ಕನ್ನಡ ಗಡಿಯಾಚೆಯ ಈ ಅಡಿಕೆ ತೋಟಗಳಲ್ಲಿ ಕೇಳಿಸಿದ ದಿನಗಳಲ್ಲಿ, ಎಷ್ಟೋ ಸೆಟ್ಟುಗಳೊಳಗೆ ಬೆಂಗಳೂರಿನದೇ ವಾಲ್ವು ಉರಿಯುತ್ತಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆ ರೇಡಿಯೋ ಪೆಟ್ಟಿಗೆಗಳ ಮೇಲಿನ ಮೋಹ ಇಲ್ಲಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು ಎಂದು ಅವರು ಹೇಳುವುದನ್ನು ನಾನು ನಂಬುತ್ತೇನೆ.

ಕರೆಂಟು ಬರುವ ಮೊದಲು ಬಂದದ್ದು ಬ್ಯಾಟರಿ ಸೆಟ್ಟು. ಅದರ ವಾಲ್ವುಗಳ ಹೆಸರು 'ಡಿ' ಅಕ್ಷರದಿಂದ ಆರಂಭ, ಕಾಯಲು 1.4 ವೋಲ್ಟ್ ಸಾಕು. 'ಇ' ಎಂದರೆ 6.3 ವೋಲ್ಟ್. 'ಸಿ' ಮೂರು ಎಲೆಕ್ಟ್ರೋಡುಗಳ ಟ್ರಯೋಡ್, 'ಎಲ್' ಸ್ಪೀಕರ್ ನಡೆಸುವ ಪವರ್ ಪೆಂಟೋಡ್, 'ಝಡ್' ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. 80ರ ಸಂಖ್ಯೆ ಇದ್ದರೆ ಒಂಬತ್ತು ಪಿನ್ನಿನದು. ಇಷ್ಟು ತಿಳಿದರೆ ಇಸಿಸಿ83 ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್ ಎಂದು ಓದಿಯೇ ಹೇಳಬಹುದು.

ಈಗ ಅವರ ಚಾವಡಿಯಲ್ಲಿರುವ ಆಂಪ್ಲಿಫೈಯರಿಗೆ ಬರುತ್ತೇನೆ. ಅಲ್ಯುಮಿನಿಯಂ ತಗಡಿನ ಚಾಸಿ, ಮೇಲೆ ಐದು ವಾಲ್ವು. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿ 1954ರಲ್ಲಿ ಪ್ರಕಟಿಸಿದ '5-10' ಎಂಬ ನಕ್ಷೆಯನ್ನು ನೋಡಿ ಅವರೇ ಕಟ್ಟಿದ್ದು. ಐದು ವಾಲ್ವು, ಹತ್ತು ವಾಟ್. ಕೊನೆಯಲ್ಲಿ ಎರಡು ಇಎಲ್84 ಎದುರುಬದುರಾಗಿ ದುಡಿಯುತ್ತವೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎರಡೂ ಸಮನಾಗಿ ಕರೆಂಟು ಎಳೆಯದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದು ಕಡೆಗೆ ವಾಲಿದ ಹಾಗಾಗಿ ತಗ್ಗು ಸ್ವರಗಳು ಕೆಡುತ್ತವೆ, ಹಮ್ ಏಳುತ್ತದೆ. ಚೀಟಿಗಳ ಗುಟ್ಟು ಇದೇ: ಒಂದೇ ಲೆಕ್ಕದ ಎರಡನ್ನು ಹುಡುಕಿ ಜೋಡಿ ಕಟ್ಟುವುದು.

ವಾಲ್ವಿನ ರಿಪೇರಿ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಗಾಜಿನೊಳಗಿನದನ್ನು ಯಾರೂ ರಿಪೇರಿ ಮಾಡಲಾರರು. ಎಲೆಕ್ಟ್ರಾನ್ ಹೊಮ್ಮಿಸುವ ಕ್ಯಾಥೋಡಿನ ಮೇಲಿನ ಬೇರಿಯಂ, ಸ್ಟ್ರಾಂಷಿಯಂ ಆಕ್ಸೈಡಿನ ಲೇಪ ಸವೆದರೆ ಸವೆದದ್ದೇ. ಅದನ್ನು ಕಾಯಿಸುವ ಹೀಟರಿಗೆ ಹೆಚ್ಚು ವೋಲ್ಟೇಜ್ ಕೊಟ್ಟು ಜೀವ ಬರಿಸುವ ಉಪಾಯ ಹೆಚ್ಚು ದಿನ ಬಾಳುವುದಿಲ್ಲ. ಉಳಿಸಬೇಕಾದದ್ದು ವಾಲ್ವಿನ ಸುತ್ತಲಿನ ಲೋಕವನ್ನು. ಅವರ ಮಾತಿನಲ್ಲೇ ಹೇಳುವುದಾದರೆ, "ಬ್ರ್ಯಾಂಡ್ ಆಮೇಲೆ ನೋಡುವ ಮಾರಾಯ್ರೆ, ಮೊದಲು ಕಂಡೆನ್ಸರ್ ನೋಡಿ."

ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಬಿಗಿಯಾಗಿ ಮುಚ್ಚಿದ ವಾಲ್ವಿಗೆ ಅದರಿಂದ ತೊಂದರೆಯಿಲ್ಲ, ಪಿನ್ನು ಮಾತ್ರ ಕಿಲುಬು ಹಿಡಿಯುತ್ತದೆ. ಆದರೆ ಕಾಗದದ ಹಳೆಯ ಕಂಡೆನ್ಸರುಗಳು ತೇವ ಕುಡಿದು ಸೋರತೊಡಗುತ್ತವೆ. ಸೋರಿದ ವೋಲ್ಟೇಜು ಇಎಲ್84ರ ಗ್ರಿಡ್‌ಗೆ ಇಳಿದರೆ ವಾಲ್ವು ಅಳತೆ ಮೀರಿ ಕರೆಂಟು ಎಳೆದು, ಒಳಗಿನ ಲೋಹದ ತಗಡೇ ಕೆಂಪಗೆ ಕಾಯುತ್ತದೆ. ಹೀಗೆ ಸತ್ತ ವಾಲ್ವುಗಳು ವಯಸ್ಸಾಗಿ ಸತ್ತವಲ್ಲ. ಪರೀಕ್ಷೆ ಸರಳ. ವಾಲ್ವನ್ನು ಕಿತ್ತಿಟ್ಟು ಬೇಸಿನ ಗ್ರಿಡ್ ಪಿನ್ನಿಗೆ ಮೀಟರ್ ಹಿಡಿಯಬೇಕು. ಸೊನ್ನೆ ತೋರಿಸಬೇಕು. ಅಲ್ಲಿ ವೋಲ್ಟೇಜು ಕಂಡರೆ ಕಂಡೆನ್ಸರ್ ಬದಲಿಸದೆ ಮುಂದೆ ಹೋಗಬಾರದು. ಆಮೇಲೆ ವಾಲ್ವು ಹಾಕಿ ಕ್ಯಾಥೋಡಿನ ವೋಲ್ಟೇಜ್ ನೋಡಬೇಕು. ರೇಡಿಯೋದಲ್ಲಿ ಒಂಟಿಯಾಗಿ ದುಡಿಯುವ ಇಎಲ್84ಕ್ಕೆ ತಯಾರಕರ ಲೆಕ್ಕದಲ್ಲಿ 135 ಓಮ್ ರೆಸಿಸ್ಟರಿನ ಮೇಲೆ ಏಳು ವೋಲ್ಟಿನ ಆಸುಪಾಸು ಬರಬೇಕು. ತೀರಾ ಕಡಿಮೆ ಬಂದರೆ ವಾಲ್ವು ಸೋತಿದೆ ಎಂದರ್ಥ.

ಕೊಳ್ಳುವಾಗ ಮೀಟರಿಗಿಂತ ಮೊದಲು ಅವರು ನಂಬುವುದು ಕಣ್ಣನ್ನು. ನೆತ್ತಿಯ ಬೆಳ್ಳಿ ಹೊಳಪು ಒಳಗೆ ಉಳಿದ ಗಾಳಿಯನ್ನು ಹೀರಲೆಂದು ಹಾಕಿದ ಬೇರಿಯಂ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಜು ಬಿರಿದು ಗಾಳಿ ಹೊಕ್ಕಿದೆ, ಎಸೆಯಬಹುದು. ಉರಿಯುವಾಗ ಗಾಜಿನ ಮೇಲೆ ತೇಲುವ ನೀಲಿ ಬೆಳಕಿಗೆ ಹೆದರಬೇಕಿಲ್ಲ. ಒಳಗಿನ ತಗಡುಗಳ ನಡುವೆ ನೇರಳೆ ಮಬ್ಬು ಕಂಡರೆ ಮಾತ್ರ ಕೂಡಲೇ ಸ್ವಿಚ್ಚು ಆರಿಸಬೇಕು. ಇಸಿಸಿ83ರಂಥ ಸಣ್ಣ ವಾಲ್ವನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟುತ್ತಾರೆ. ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದರೆ ಅದು ಮೊದಲ ಹಂತಕ್ಕೆ ಆಗದು.

ಅಕ್ಷರಗಳನ್ನು ಮಾತ್ರ ನಂಬುವುದಿಲ್ಲ. ಗಾಜಿನ ಮೇಲಿನ ಮುದ್ರೆ ಒದ್ದೆ ಬಟ್ಟೆಗೇ ಅಳಿಯುತ್ತದೆ. ಅದಕ್ಕಾಗಿ ಅವರು ಒರೆಸುವಾಗ ಅಕ್ಷರದ ಬದಿ ಮುಟ್ಟುವುದೇ ಇಲ್ಲ. ಅಳಿಸಿದ ಜಾಗದಲ್ಲಿ ದುಬಾರಿ ಹೆಸರನ್ನು ಮತ್ತೆ ಒತ್ತಿ ಮಾರುವವರಿದ್ದಾರೆ. ಫಿಲಿಪ್ಸ್ ಬಳಗದ ಕಾರ್ಖಾನೆಗಳು ಗಾಜಿನ ಬುಡದಲ್ಲಿ ಸಣ್ಣ ಸಂಕೇತ ಬರೆಯುತ್ತಿದ್ದವು: ಕಾರ್ಖಾನೆಯ ಗುರುತು, ವರ್ಷದ ಕೊನೆಯ ಅಂಕಿ, ತಿಂಗಳ ಅಕ್ಷರ. ತ್ರಿಕೋನವಿದ್ದರೆ ಹಾಲೆಂಡಿನ ಹೀರ್ಲೆನ್, 'ಬಿ' ಇದ್ದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್. ಜರ್ಮನಿಯ ಟೆಲಿಫಂಕನ್ ಪಿನ್ನುಗಳ ನಡುವೆ ಗಾಜಿನಲ್ಲೇ ವಜ್ರದಾಕಾರ ಮೂಡಿಸುತ್ತಿತ್ತು. ಈ ಹೆಸರುಗಳಿಗೆ ಜನ ಸುರಿಯುವ ಹಣ ಕೇಳಿದರೆ ಗಾಬರಿಯಾಗುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಂಜೆ ಅವರು ಹಳೆಯ ಗ್ರಾಮಫೋನ್ ತಟ್ಟೆಯೊಂದನ್ನು ಬಿಇಎಲ್ ಜೋಡಿಯಲ್ಲೂ ಮುಲ್ಲಾರ್ಡ್ ಜೋಡಿಯಲ್ಲೂ ಕೇಳಿಸಿದರು. ಪಿಟೀಲು ಎರಡರಲ್ಲೂ ತುಂಬಿಕೊಂಡು ಬಂತು. ನನ್ನ ಕಿವಿಗೆ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳಲು ಕಾರಣ ಸಿಗಲಿಲ್ಲ. ವ್ಯತ್ಯಾಸ ಕೇಳಿಸಿದ್ದು ಜೋಡಿಯಾಗದ ಎರಡನ್ನು ಬೇಕೆಂದೇ ಹಾಕಿ ತೋರಿಸಿದಾಗ. ಹೆಸರಿಗಿಂತ ಜೋಡಿ ದೊಡ್ಡದು. ನಮ್ಮದೇ ನಾಡಿನ ಕೆಲಸಗಾರರ ಕೈಯಿಂದ ಬಂದ ವಾಲ್ವನ್ನು ವಿದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಿರುವಾಗ ನಾವು ಅದನ್ನು ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹಾಕುತ್ತಿರುವುದು ನನಗೆ ಸಹಿಸಲಾಗದ ಸಂಗತಿ.

ಹೊಸ ವಾಲ್ವುಗಳು ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರುತ್ತವೆ, ಬೆಲೆ ಕೊಟ್ಟರೆ ಸಿಗುತ್ತವೆ. ಸಿಗದಿರುವುದು ಸುಟ್ಟ ಟ್ರಾನ್ಸ್‌ಫಾರ್ಮರನ್ನು ಪದರ ಪದರವಾಗಿ ಸುತ್ತಿಕೊಡುವ ಕೈ. ಕೂದಲಿನಂಥ ತಾಮ್ರದ ತಂತಿ ಮಳೆಗಾಲದ ತೇವಕ್ಕೆ ಹಸಿರುಗಟ್ಟಿ ಕಡಿಯುತ್ತದೆ. ಮೊದಲು ಸುತ್ತಿಕೊಡುತ್ತಿದ್ದವರು ಈಗ ಪಂಪಿನ ಮೋಟಾರಿಗೆ ಮಾತ್ರ ಸುತ್ತುತ್ತಾರೆ. ಬೋವಿಕಾನದ ಹಿರಿಯರ ಬಳಿ ಕಲಿಯಲು ಬರುವ ಹುಡುಗರೂ ಈಗಿಲ್ಲ. ಚೀಟಿಗಳ ಲೆಕ್ಕ ಓದಬಲ್ಲವರು ಆ ಮನೆಯಲ್ಲಿ ಅವರೊಬ್ಬರೇ.

ನಿಮ್ಮ ಅಟ್ಟದಲ್ಲಿ ಹಳೆಯ ಸೆಟ್ಟು ಇದ್ದರೆ ನೇರ ಪ್ಲಗ್ಗಿಗೆ ಸಿಕ್ಕಿಸಬೇಡಿ. ಒಳಗೆ 250 ವೋಲ್ಟಿಗಿಂತ ಹೆಚ್ಚು ಇರಬಹುದು, ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. ಬಲ್ಲವರ ಕೈಯಲ್ಲಿ, ಕರೆಂಟು ಮಿತಿ ಮೀರದಂತೆ ಸೀರೀಸ್ ಬಲ್ಬು ಹಾಕಿಸಿ ಪರೀಕ್ಷಿಸಿ. ಮಾರುವುದೇ ಆದರೆ ವಾಲ್ವುಗಳನ್ನೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಬಿಚ್ಚಿಟ್ಟುಕೊಂಡು, ಮರದ ಪೆಟ್ಟಿಗೆಯನ್ನಷ್ಟೇ ಗುಜರಿಗೆ ಕೊಡಿ.