ಒಲೆಗೂ ಸರದಿ, ನೀರಿಗೂ ಸರದಿ

ಕಾಜಾದಿಂದ ಹತ್ತಿ ಬಂದ ಜೀಪು ಲಾಂಗ್ಜಾ ಊರಿನ ನೆತ್ತಿಯಲ್ಲಿ, ದೊಡ್ಡ ಬುದ್ಧನ ಪ್ರತಿಮೆಯ ಹತ್ತಿರ ನಮ್ಮನ್ನು ಇಳಿಸಿ ಹಿಂದಿರುಗಿತು. ಅದರ ಸದ್ದು ತಿರುವುಗಳಲ್ಲಿ ಕರಗಿದ ಮೇಲೆ ಮೊದಲು ಕಿವಿಗೆ ಬಿದ್ದದ್ದು ನೀರಿನ ಸಪ್ಪಳ. ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆ. ಕಣ್ಣು ಹಾಯುವಷ್ಟು ದೂರ ಒಂದು ಮರವಿಲ್ಲ. ಬೂದಿ, ಕಂದು, ಕೆಮ್ಮಣ್ಣಿನ ಬಣ್ಣದ ಬೋಳು ಗುಡ್ಡಗಳು, ಅವುಗಳ ಹಿಂದೆ ಹಿಮ ಹೊದ್ದ ಚೌ ಚೌ ಕಾಂಗ್ ನಿಲ್ಡಾ ಶಿಖರ. ನೀರು ಕಾಲಬುಡದಲ್ಲೇ ಇತ್ತು. ಒಂದು ಮೊಳ ಅಗಲದ ಕಾಲುವೆ, ಇಕ್ಕೆಲದಲ್ಲಿ ಗೇಣಗಲ ಹಸಿರು ಹುಲ್ಲು. ಆ ಹಸಿರು ಗೆರೆ ಗುಡ್ಡದ ಮೈಗೆ ಅಂಟಿಕೊಂಡು ಊರಿನ ಹೊಲಗಳವರೆಗೂ ಇಳಿದಿತ್ತು.

ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ, ಸ್ಪಿತಿ ನದಿಯ ಎಡದಂಡೆಯ ಮೇಲೆ ಬಾನಿಗೆ ಆತುಕೊಂಡಂತೆ ಕೂತ ಈ ಊರುಗಳ ನಡುವೆ ಐದು ದಿನ ನಡೆಯಬೇಕೆಂದು ಬಂದಿದ್ದೆವು. ಲಾಂಗ್ಜಾ, ಹಿಕ್ಕಿಂ, ಕೋಮಿಕ್, ಡೆಮುಲ್, ಲಾಲುಂಗ್, ಕೊನೆಗೆ ಧಂಕರ್. ಡೇರೆ ಹೊರಬೇಕಿಲ್ಲ, ಅಡುಗೆ ಸಾಮಾನು ಬೇಕಿಲ್ಲ. ಪ್ರತಿ ಸಂಜೆ ಒಂದು ಊರು, ಒಂದು ಮನೆ, ಒಂದು ಒಲೆ. ಸೆಪ್ಟೆಂಬರ್ ಎರಡನೇ ವಾರ. ಬಟಾಣಿ ಲಾರಿ ಹತ್ತಿ ಹೋಗಿತ್ತು, ಬಾರ್ಲಿ ಕೊಯ್ಲು ನಡೆದಿತ್ತು.

ಎತ್ತರದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಲಾಂಗ್ಜಾ ಅದರ ಎರಡರಷ್ಟಕ್ಕೂ ಮೇಲೆ, ಸುಮಾರು 4,400 ಮೀಟರಿನಲ್ಲಿದೆ. ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಐದಕ್ಕೆ ಮೂರು ಪಾಲು ಮಾತ್ರ ಇಲ್ಲಿ ಸಿಗುತ್ತದೆ. ಮನಾಲಿಯಿಂದ ಕುಂಜುಂ ಕಣಿವೆ ದಾಟಿ ಒಂದೇ ದಿನದಲ್ಲಿ ಕಾಜಾಕ್ಕೆ ಬರಬಹುದು, ಆದರೆ ಮೈ ಅದನ್ನು ಕ್ಷಮಿಸುವುದಿಲ್ಲ. ಶಿಮ್ಲಾದಿಂದ ಕಿನ್ನೌರಿನ ಮೂಲಕ, ನಾಕೊದಲ್ಲೋ ತಾಬೋದಲ್ಲೋ ತಂಗುತ್ತ ನಿಧಾನವಾಗಿ ಏರಿ ಬರುವುದೇ ಸರಿ. ಹಾಗೆ ಬಂದು, ಕಾಜಾದಲ್ಲಿ ಎರಡು ರಾತ್ರಿ ಕಳೆದಿದ್ದರೂ ಮೊದಲ ದಿನ ನನ್ನ ತಲೆ ಒಡೆಯುವಂತೆ ನೋಯುತ್ತಿತ್ತು. ಜತೆಗಿದ್ದ ಹುಡುಗ, ಡೆಮುಲ್ ಊರಿನವನು, ನನ್ನ ಹಿಂದೆಯೇ ನಡೆಯುತ್ತ ಪದೇ ಪದೇ ಹೇಳುತ್ತಿದ್ದ: "ನಿಧಾನ ಭಾಯಿಸಾಬ್, ಊರು ಎಲ್ಲಿಗೂ ಹೋಗುವುದಿಲ್ಲ."

ಲಾಂಗ್ಜಾದ ಕೆಳಗಿನ ಹಳ್ಳದಲ್ಲಿ ಕಪ್ಪು ಜೇಡಿಪದರದ ಕಲ್ಲು ಉದುರಿ ಬಿದ್ದಿರುತ್ತದೆ. ಅದರಲ್ಲಿ ಹುಡುಕಿ ಅವನು ನಿಂಬೆಹಣ್ಣಿನ ಗಾತ್ರದ ಒಂದು ಗುಂಡನ್ನು ನನ್ನ ಅಂಗೈಯಲ್ಲಿಟ್ಟ. ಎರಡು ಹೋಳಾಗಿತ್ತು. ತೆರೆದು ನೋಡಿದರೆ ಒಳಗೆ ಸುರುಳಿ. ಬಸವನಹುಳುವಿನ ಚಿಪ್ಪಿನಂತೆ ನಡುವಿನಿಂದ ಹೊರಕ್ಕೆ ಅಗಲವಾಗುತ್ತ ಬಂದು, ಮೈತುಂಬ ಎಳೆ ಎಳೆ ಏಣುಗಳನ್ನು ಮೂಡಿಸಿಕೊಂಡಿತ್ತು. ಒಂದು ಹೋಳಿನಲ್ಲಿ ಉಬ್ಬು, ಇನ್ನೊಂದರಲ್ಲಿ ಅದರ ಅಚ್ಚು. ಹೆಬ್ಬೆರಳಿನಿಂದ ಸವರಿದೆ. ನಮ್ಮ ದೇವರಕೋಣೆಯ ಬಟ್ಟಲಲ್ಲಿ ಅಜ್ಜ ದಿನವೂ ತೊಳೆದು ತುಳಸಿ ಇಡುತ್ತಿದ್ದ ಸಾಲಿಗ್ರಾಮದ ಚಕ್ರವನ್ನು ಬೆರಳು ತಕ್ಷಣ ಗುರುತಿಸಿತು. ಗುರುತಿಸಿದ್ದು ತಪ್ಪಲ್ಲ. ಎರಡೂ ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳೇ. ನೇಪಾಳದ ಗಂಡಕಿಯಲ್ಲಿ ಸಿಗುವ ಸಾಲಿಗ್ರಾಮವೂ ಇಲ್ಲಿನ ಈ ಕಲ್ಲೂ ಟೆಥಿಸ್ ಎಂಬ ಒಂದೇ ಕಡಲಿನ ತಳದಲ್ಲಿ, ಸುಮಾರು 15 ಕೋಟಿ ವರ್ಷಗಳ ಹಿಂದೆ ಹೂತು ಗಟ್ಟಿಯಾದವು. ಭಾರತದ ನೆಲ ಏಷ್ಯಾಕ್ಕೆ ಢಿಕ್ಕಿ ಹೊಡೆದಾಗ ಆ ಕಡಲತಳವೇ ಮಡಚಿಕೊಂಡು ಹಿಮಾಲಯವಾಗಿ ಮೇಲೆದ್ದಿತು. ಕಡಲಿದ್ದ ಜಾಗ ಈಗ ಕೊಡ ನೀರಿಗೂ ಲೆಕ್ಕವಿಡುವ ನಾಡು.

ಊರಿನ ಮಕ್ಕಳು ಇಂಥ ಕಲ್ಲುಗಳನ್ನು ಮಾರಲು ತರುತ್ತಾರೆ. ಯಾರೂ ಕೊಳ್ಳಬಾರದು. ಒಬ್ಬೊಬ್ಬರು ಒಂದೊಂದು ಒಯ್ದರೂ ಹಳ್ಳ ಬರಿದಾಗಲು ತುಂಬ ವರ್ಷ ಬೇಕಾಗುವುದಿಲ್ಲ. ಎರಡು ಹೋಳುಗಳನ್ನೂ ಜೋಡಿಸಿ ಎತ್ತಿಕೊಂಡಲ್ಲೇ ಇಟ್ಟೆವು.

ಸಂಜೆ ಊರ ಮೇಲಿನ ದುಂಡು ತೊಟ್ಟಿಯ ಬಳಿ ಒಬ್ಬ ಹಿರಿಯರು ಸಿಕ್ಕರು. ಹಿಮ ಕರಗಿದ ನೀರು ಕೂಲ್ ಎಂದು ಕರೆಯುವ ಆ ಕಾಲುವೆಯಲ್ಲಿ ಬಂದು ಇಲ್ಲಿ ಸೇರುತ್ತದೆ. ರಾತ್ರಿ ತೊಟ್ಟಿಯ ತೂಬನ್ನು ಮುಚ್ಚುತ್ತಾರೆ. ಇರುಳೆಲ್ಲ ಸಣ್ಣಗೆ ಹರಿದು ತುಂಬಿದ ನೀರನ್ನು ಬೆಳಗ್ಗೆ ಬಿಡುತ್ತಾರೆ. ತೂಬೆಂದರೆ ಕಬ್ಬಿಣದ ಬಾಗಿಲಲ್ಲ. ಒಂದು ಚಪ್ಪಟೆ ಕಲ್ಲು, ಅದರ ಸುತ್ತ ಬೇರುಸಹಿತ ಕಿತ್ತ ಹುಲ್ಲಿನ ಹೆಂಟೆ. ಅವರು ಹೆಂಟೆಯನ್ನು ಕಾಲಲ್ಲಿ ಒತ್ತಿ, ಸಂದಿಗೆ ಕೆಸರು ಮೆತ್ತಿ, ಒಂದು ಹನಿಯೂ ಸೋರುತ್ತಿಲ್ಲ ಎಂದು ಬಗ್ಗಿ ಕಿವಿಗೊಟ್ಟು ಕೇಳಿದರು. ನಾಳೆ ಯಾರ ಹೊಲಕ್ಕೆ ಎಂದು ಕೇಳಿದೆ. ತಡವಾಗಿ ಬಿತ್ತಿದ ಒಂದು ತುಂಡು ಹೊಲ ಇನ್ನೂ ಹಸಿರಾಗಿದೆ, ಅದಕ್ಕೆ ಎಂದರು. "ನಿಮ್ಮದಾ?" "ಅಲ್ಲ, ಅವರ ಸರದಿ."

ಧಾರವಾಡ ಕಡೆಯ ಹಳ್ಳಿಯಲ್ಲಿ ಹುಟ್ಟಿದ ನನಗೆ ಈ ಮಾತು ಒಳಗೆ ಎಲ್ಲೋ ತಾಗಿತು. ನಮ್ಮ ಕೆರೆಗಳಿಗೂ ನೀರುಗಂಟಿ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ತಲೆಯಲ್ಲಿರುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಪ್ರತಿಯೊಬ್ಬರಿಗೂ ತಮ್ಮದೇ ನೀರು ಸಿಕ್ಕಿತು, ನೀರುಗಂಟಿ ಹೋದ, ಅವನ ಹಿಂದೆಯೇ ಕೆರೆಯೂ ಹೋಯಿತು. ಸ್ಪಿತಿಯ ವ್ಯವಸ್ಥೆಯೂ ಎಲ್ಲರಿಗೂ ಸಮನಾದದ್ದಲ್ಲ ಎನ್ನುವುದನ್ನು ಹೇಳಲೇಬೇಕು. ನೀರಿನ ಹಕ್ಕು ಹಳೆಯ ದೊಡ್ಡಮನೆಗಳದ್ದು. ಮನೆ, ಹೊಲ, ನೀರು ಮೂರೂ ಹಿರಿಮಗನಿಗೆ ಹೋಗುವುದು ವಾಡಿಕೆ. ಕಿರಿಯರು ಗೊಂಪಾ, ಎಂದರೆ ಬೌದ್ಧ ಮಠ, ಸೇರುತ್ತಿದ್ದರು. ಹಕ್ಕಿಲ್ಲದ ಮನೆಯವರು ಕೇಳಿ ಪಡೆಯಬೇಕು, ಇಲ್ಲವೇ ಕೊಳ್ಳಬೇಕು. ಆದರೂ ಇಲ್ಲಿ ನೀರನ್ನು ಯಾರೂ ಒಂಟಿಯಾಗಿ ಇಳಿಸಿಕೊಳ್ಳಲಾರರು. ಮೇಲಿನ ಹಿಮದಿಂದ ಊರವರೆಗಿನ ಕಾಲುವೆಯನ್ನು ಪ್ರತಿ ವಸಂತದಲ್ಲಿ ಎಲ್ಲ ಮನೆಯವರೂ ಸೇರಿ ತೆಗೆದು ಸರಿಮಾಡಲೇಬೇಕು.

ಮರುದಿನ ಹಿಕ್ಕಿಂ ದಾಟಿದೆವು. ಅಲ್ಲಿ 1983ರಲ್ಲಿ ತೆರೆದ ಅಂಚೆಕಚೇರಿಯಿದೆ, ಪಿನ್ 172114. ಬಂದವರೆಲ್ಲ ತಮ್ಮ ಮನೆಗೆ ತಾವೇ ಕಾರ್ಡು ಬರೆದು ಹಾಕುತ್ತಾರೆ. ನಾನೂ ಅವ್ವನಿಗೆ ಒಂದು ಬರೆದೆ. ಇಲ್ಲಿಂದ ಟಪಾಲು ಚೀಲ ಕಾಜಾಕ್ಕೆ ಕಾಲ್ನಡಿಗೆಯಲ್ಲಿ ಇಳಿಯುತ್ತಿದ್ದ ವರ್ಷಗಳನ್ನು ನೆನೆದರೆ ಅಂಚೆಯವರ ಬಗ್ಗೆ ಗೌರವ ಉಕ್ಕುತ್ತದೆ.

ಕೋಮಿಕ್ 4,587 ಮೀಟರ್. ಮೋಟಾರು ರಸ್ತೆಯಿರುವ ಜಗತ್ತಿನ ಅತಿ ಎತ್ತರದ ಊರು ಎಂಬ ಫಲಕ ಅಲ್ಲಿದೆ. ತಂಗ್ಯುದ್ ಗೊಂಪಾದ ಬಾಗಿಲಲ್ಲಿ ಹುಲ್ಲು ತುಂಬಿದ ಹಳೆಯ ಹಿಮಚಿರತೆಯ ಚರ್ಮವೊಂದು ತೂಗುತ್ತದೆ. ಅದನ್ನು ನೋಡುತ್ತ ನಿಂತಾಗ ಹುಡುಗ ತನ್ನ ಊರಿನ ದೊಡ್ಡಿಗೆ ಒಂದು ರಾತ್ರಿ ಚಿರತೆ ನುಗ್ಗಿದ್ದನ್ನು ಹೇಳಿದ. ಬೆಳಗಾಗುವಷ್ಟರಲ್ಲಿ ಕುರಿಗಳು ಸತ್ತು ಬಿದ್ದಿದ್ದವಂತೆ. ಒಂದು ಕುರಿ ಹೋದರೆ ಒಂದು ಚಳಿಗಾಲದ ಆಸರೆ ಹೋದ ಹಾಗೆ. ಕುರಿ ಕಳೆದುಕೊಂಡವರ ಸಿಟ್ಟನ್ನು ಅರ್ಥಮಾಡಿಕೊಂಡು ಕೆಲಸ ಮಾಡಿದವರಲ್ಲಿ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮುಖ್ಯವಾದದ್ದು. ಕಣಿವೆಯಾಚೆಯ ಕಿಬ್ಬರ್ ಊರಿನವರೊಡನೆ ಕೂತು 1990ರ ದಶಕದ ಕೊನೆಯಲ್ಲಿ, ಹುಲ್ಲುಗಾವಲಿನ ಒಂದು ಭಾಗಕ್ಕೆ ದನಕುರಿ ಬಿಡದಂತೆ ಒಪ್ಪಂದ ಮಾಡಿಕೊಂಡರು. ಹುಲ್ಲು ಚಿಗುರಿತು, ಭರಲ್ ಎಂಬ ಕಾಡುಕುರಿಗಳು ಹೆಚ್ಚಿದವು, ಚಿರತೆಗೆ ಬೇಟೆ ಸಿಕ್ಕಿತು. 2002ರಲ್ಲಿ ಊರವರೇ ನಡೆಸುವ ಜಾನುವಾರು ವಿಮೆಯನ್ನೂ ಆರಂಭಿಸಿದರು. ಚಿರತೆಯನ್ನು ಉಳಿಸಲು ಬಂದವರು ಮೊದಲು ಕುರಿ ಕಳೆದುಕೊಂಡವನ ಪಕ್ಕ ಕೂತರು. ಇದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಕೋಮಿಕ್‌ನಿಂದ ಡೆಮುಲ್‌ಗೆ ಇಡೀ ದಿನದ ದಾರಿ. ಕೋಮಿಕ್‌ಗಿಂತಲೂ ಎತ್ತರದ ಏಣೊಂದನ್ನು ಹತ್ತಿ ಇಳಿಯಬೇಕು. ಹತ್ತು ಹೆಜ್ಜೆ, ನಿಲ್ಲು. ಮತ್ತೆ ಹತ್ತು ಹೆಜ್ಜೆ. ಏಣಿನ ಮೇಲೆ ಪ್ರಾರ್ಥನೆಯ ಬಾವುಟಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಆಚೆಯ ಇಳಿಜಾರಿನಲ್ಲಿ ಯಾಕುಗಳು ಮೇಯುತ್ತಿದ್ದವು, ನಮ್ಮನ್ನು ಕಂಡು ತಲೆಯೆತ್ತಿ, ಏನೂ ಅಲ್ಲವೆಂದು ಮತ್ತೆ ಬಗ್ಗಿದವು. ಸಂಜೆ ನಾಲ್ಕಕ್ಕೆ ಕೆಳಗೆ ಡೆಮುಲ್ ಕಂಡಿತು. ಬಿಳಿ ಸುಣ್ಣ ಬಳಿದ ಮಣ್ಣಿನ ಮನೆಗಳು, ಚಪ್ಪಟೆ ಮಾಳಿಗೆಗಳ ಅಂಚಿನಲ್ಲಿ ಸಾಲಾಗಿ ಒಟ್ಟಿದ ಒಣಪುಳ್ಳೆ. ಅದಕ್ಕಿಂತ ಮೊದಲು ಕೇಳಿಸಿದ್ದು ಹಾಡು.

ಊರ ಅಂಚಿನ ಕಣದಲ್ಲಿ ತುಳಿತ ನಡೆದಿತ್ತು. ನಡುವೆ ಒಂದು ಕಂಬ. ಅದಕ್ಕೆ ಹಗ್ಗ ಕಟ್ಟಿ ಕತ್ತೆಗಳು, ಒಂದು ಹೋರಿ, ಎರಡು ಝೋಗಳು. ಯಾಕ್ ಮತ್ತು ಹಸುವಿನ ಮಿಶ್ರತಳಿಗೆ ಝೋ ಎನ್ನುತ್ತಾರೆ. ಕೊರಳಿಗೆ ಕೊರಳು ಸೇರಿಸಿದ ಪ್ರಾಣಿಗಳು ಬಾರ್ಲಿ ತೆನೆಯ ಮೇಲೆ ಸುತ್ತು ಬರುತ್ತಿದ್ದವು. ಹಿಂದೆ ಒಬ್ಬಾಕೆ ಸಣ್ಣ ಬರಲು ಹಿಡಿದು ಹಾಡುತ್ತ ನಡೆಯುತ್ತಿದ್ದಳು. ಕಣ, ಮೇಟಿ, ಹಂತಿ! ನಾನು ನಿಂತಲ್ಲೇ ನಿಂತೆ. ನಮ್ಮೂರಲ್ಲಿ ಹಂತಿ ಹೊಡೆಯುತ್ತ ರಾತ್ರಿಯಿಡೀ ಹಾಡುತ್ತಿದ್ದದ್ದನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಯಂತ್ರ ಬಂದ ಮೇಲೆ ಕೇಳಿರಲಿಲ್ಲ. ಇಲ್ಲಿನ ಮಾತು ಒಂದೂ ಗೊತ್ತಿಲ್ಲ, ಆದರೆ ಪ್ರಾಣಿಯ ಹೆಜ್ಜೆಗೆ ಹಾಡನ್ನು ಎಳೆಯುವ ಆ ನಿಧಾನ ಅದೇ. ಬ್ಯಾಗು ಇಳಿಸಿ, ಕಣದ ಅಂಚಿಗೆ ಸಿಡಿದ ತೆನೆಗಳನ್ನು ಕಾಲಿನಿಂದ ಒಳಕ್ಕೆ ತಳ್ಳತೊಡಗಿದೆ. ಆಕೆ ಹಾಡು ನಿಲ್ಲಿಸದೆಯೇ ನಕ್ಕಳು.

ಡೆಮುಲ್‌ನಲ್ಲಿ ಬಂದವರು ತಮಗೆ ಇಷ್ಟವಾದ ಮನೆಗೆ ಹೋಗುವ ಹಾಗಿಲ್ಲ. ಅತಿಥಿ ಯಾವ ಮನೆಗೆ ಎನ್ನುವುದನ್ನು ಊರಿನ ಸರದಿ ಹೇಳುತ್ತದೆ. ರಸ್ತೆಯ ಪಕ್ಕ ಮನೆಯಿದ್ದವನಿಗೆ, ಇಂಗ್ಲಿಷ್ ಬಲ್ಲವನಿಗೆ, ಫೋನು ಚೆನ್ನಾಗಿ ಬಳಸುವವನಿಗೆ ಹೆಚ್ಚು ದುಡ್ಡು ಸೇರುವುದಿಲ್ಲ. ಕುರಿ ಮೇಯಿಸಲು ಹೋಗುವುದೂ ಹೀಗೆಯೇ, ಇಂದು ಈ ಮನೆಯವರು ಊರ ಕುರಿಗಳನ್ನೆಲ್ಲ ಹೊಡೆದುಕೊಂಡು ಹೋದರೆ ನಾಳೆ ಆ ಮನೆಯವರು. ಹುಡುಗ ತನ್ನ ಮನೆಯನ್ನು ದೂರದಿಂದ ತೋರಿಸಿ, ನಮ್ಮನ್ನು ಬೇರೆ ಮನೆಯ ಬಾಗಿಲಿಗೆ ಬಿಟ್ಟ. ಪ್ರವಾಸಿಗರು ಬಂದ ಎಷ್ಟೋ ಬೆಟ್ಟದೂರುಗಳಲ್ಲಿ ಅಣ್ಣತಮ್ಮಂದಿರು ಮಾತುಬಿಟ್ಟದ್ದನ್ನು ಕಂಡಿದ್ದೇನೆ. ಡೆಮುಲ್ ಅದಕ್ಕೆ ದಾರಿಯನ್ನೇ ಕೊಟ್ಟಿಲ್ಲ.

ಒಳಗೆ ನಡುಮನೆಯಲ್ಲಿ ತಗಡಿನ ಒಲೆ, ತಂದೂರ್ ಎನ್ನುತ್ತಾರೆ. ಅದರ ಹೊಟ್ಟೆಗೆ ಕುಳ್ಳು ಹಾಕುತ್ತ ಮನೆಯಾಕೆ ತುಕ್ಪಾ ಬೇಯಿಸುತ್ತಿದ್ದರು. ಅವರಲ್ಲಿ ತಾಯಿಗೆ ಆಮ ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಉಪ್ಪು-ಬೆಣ್ಣೆಯ ಚಹಾ ಕೊಟ್ಟು, "ಮೈ ತೊಳೆಯಲು ಬಿಸಿನೀರು ಬೇಕಾ ಬೇಟಾ?" ಎಂದು ಕೇಳಿದರು. ಬೇಕು ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮಗಳು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬಾಗಿಲು ದಾಟಿ ಬಂದಳು. ಬೇಡ ಆಮ ಎಂದೆ. ಪಾಯಿಖಾನೆಯೂ ಇಲ್ಲಿ ನೀರಿಲ್ಲದ್ದು. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಒಣಮಣ್ಣಿನ ಗುಡ್ಡೆ, ಒಂದು ಸಲಿಕೆ. ಕೆಳಗೆ ಬಿದ್ದದ್ದು ಗೊಬ್ಬರವಾಗಿ ವಸಂತದಲ್ಲಿ ಹೊಲ ಸೇರುತ್ತದೆ. ಕೆಳಗಿನ ಪೇಟೆಗಳಲ್ಲಿ ಬಂದವರ ಅನುಕೂಲಕ್ಕೆಂದು ನೀರು ಸುರಿಯುವ ಪಾಯಿಖಾನೆಗಳನ್ನು ಕಟ್ಟುತ್ತಿದ್ದಾರೆ. ಅಲ್ಲಿ ಸುರಿಯುವ ಪ್ರತಿ ಬಕೆಟ್ಟೂ ಯಾರದೋ ಸರದಿಯ ನೀರು.

ಹಿಮ ಮೊದಲಿನಂತೆ ಬೀಳುತ್ತಿಲ್ಲ ಎಂದು ಆಮ ಹೇಳಿದರು. ಆಕೆ ಮದುವೆಯಾಗಿ ಬಂದಾಗ ಮಾಳಿಗೆಯ ಹಿಮವನ್ನು ಚಳಿಗಾಲವೆಲ್ಲ ಗೋರಿ ಕೆಳಗೆ ತಳ್ಳುವುದೇ ಕೆಲಸವಾಗಿತ್ತು. ಈಗ ಬೀಳುವುದು ತಡ, ಕರಗುವುದು ಬೇಗ; ಬಟಾಣಿಗೆ ನೀರು ಬೇಕಾದ ಹೊತ್ತಿಗೆ ಕೂಲ್ ತೆಳ್ಳಗಾಗಿರುತ್ತದೆ. ಮುಂಗಾರು ಮೋಡಗಳನ್ನು ದಕ್ಷಿಣದ ಬೆಟ್ಟಸಾಲುಗಳೇ ತಡೆಯುವುದರಿಂದ ಈ ಊರುಗಳಿಗೆ ಹಿಮ ಬಿಟ್ಟರೆ ಬೇರೆ ಆಸರೆಯಿಲ್ಲ. ಬೆಳಗ್ಗೆ ಹೊರಟಾಗ ಆಮ ನನ್ನ ಜೇಬಿಗೆ ಹುರಿದ ಬಾರ್ಲಿ ತುಂಬಿದರು. ಮತ್ತೆ ಬಂದರೆ ಬೇರೆ ಮನೆಯಲ್ಲಿ ಮಲಗುತ್ತೀ, ಚಹಾಕ್ಕೆ ಮಾತ್ರ ಇಲ್ಲಿಗೇ ಬಾ ಎಂದರು.

ಅಲ್ಲಿಂದ ಲಿಂಗ್ತಿ ಕಣಿವೆಗೆ ಮಂಡಿ ನಡುಗಿಸುವ ಇಳಿತ, ಆಮೇಲೆ ಲಾಲುಂಗ್‌ಗೆ ಏರು. ಅಲ್ಲಿನ ಸೆರ್ಖಾಂಗ್, ಎಂದರೆ ಚಿನ್ನದ ಗುಡಿ, ಹತ್ತನೇ ಶತಮಾನದ ಬೌದ್ಧ ಗುರು ರಿಂಚೆನ್ ಝಂಗ್ಪೋ ಕಟ್ಟಿಸಿದ್ದೆಂದು ನಂಬುತ್ತಾರೆ. ಗೋಡೆತುಂಬ ಗಾರೆಯ ಮೂರ್ತಿಗಳು; ಟಾರ್ಚಿನ ಬೆಳಕು ತಾಗಿದಲ್ಲೆಲ್ಲ ಹಳೆಯ ಬಂಗಾರದ ಲೇಪ ಕತ್ತಲಿನಿಂದ ಮೆಲ್ಲಗೆ ಮುಂದೆ ಬರುತ್ತದೆ.

ಕೊನೆಯ ದಿನ ಧಂಕರ್. ಸ್ಪಿತಿ ಮತ್ತು ಪಿನ್ ನದಿಗಳು ಕೂಡುವ ತಾಣವನ್ನು ಕೆಳಗೆ ನೋಡುತ್ತ, ಉದುರುವ ಮಣ್ಣುಗಲ್ಲಿನ ಕೋಡಿನ ಮೇಲೆ ಹಳೆಯ ಗೊಂಪಾ ಕೂತಿದೆ. ಒಂದು ಕಾಲಕ್ಕೆ ಸ್ಪಿತಿಯ ರಾಜಧಾನಿ ಇದು. 1975ರ ಜನವರಿ 19ರ ಕಿನ್ನೌರ್ ಭೂಕಂಪದಲ್ಲಿ ನಲುಗಿದೆ. ಮಳೆ-ಗಾಳಿಗೆ ಅಡಿಯ ಮಣ್ಣು ಸವೆಯುತ್ತಲೇ ಇದೆ.

ಹೊಸ ಗೊಂಪಾದ ಅಂಗಳದಲ್ಲಿ ಇಬ್ಬರು ಲಾಮಾಗಳು ಬಿಸಿಲು ಕಾಯಿಸುತ್ತ ಕೂತಿದ್ದರು, ಒಬ್ಬರು ತೀರ ಮುದುಕರು. ಎಲ್ಲಿಯವರೆಂದು ಕಿರಿಯರು ಹಿಂದಿಯಲ್ಲಿ ಕೇಳಿದರು. ಕರ್ನಾಟಕ, ಧಾರವಾಡ ಕಡೆ ಎಂದೆ. ಅವರ ಮುಖ ಅರಳಿತು. "ಹೌದೇನ್ರಿ! ನಾ ಮುಂಡಗೋಡದ ಟಿಬೆಟಿ ಕ್ಯಾಂಪಿನಾಗ ಓದಿದಂವ. ಬರ್ರಿ, ಕೂಡ್ರಿ." ಚಹಾ ಬಂತು. ಮುಂಡಗೋಡದ ಬಸ್‌ಸ್ಟ್ಯಾಂಡು, ಹುಬ್ಬಳ್ಳಿಯ ದಾರಿ, ಗಿರ್ಮಿಟ್ಟು, ಎಲ್ಲವನ್ನೂ ವಿಚಾರಿಸಿದರು. ಆಮೇಲೆ ಕೇಳಿದರು: "ಈ ವರ್ಷ ಮಳಿ ಹೆಂಗೈತ್ರಿ?"

ಚಲೋ ಆಗೇತಿ, ಗೋವಿನಜೋಳ ಆಳೆತ್ತರ ನಿಂತೈತಿ ಎಂದೆ. ಅವರು ಅದನ್ನು ಮುದುಕರಿಗೆ ತಮ್ಮ ಮಾತಿನಲ್ಲಿ ಹೇಳಿದರು, ಕೈಯೆತ್ತಿ ಎಡೆಬಿಡದೆ ಸುರಿಯುವ ಮಳೆಯನ್ನು ತೋರಿಸಿದರು. ಮುದುಕರು ಬಹಳ ಹೊತ್ತು ಕೇಳಿ, ಏನೋ ಕೇಳಿದರು.

"ಅಷ್ಟು ನೀರು ಎಲ್ಲಿಗೆ ಹೋಗ್ತೈತಿ ಅಂತ ಕೇಳ್ತಾರ್ರಿ."

ಕೆರೆಗೆ ಹೋಗುತ್ತದೆ, ಕೆರೆ ತುಂಬಿದರೆ ಹಳ್ಳಕ್ಕೆ ಎಂದೆ. ಅವರು ತಲೆಯಾಡಿಸಿ, ನನ್ನ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದರು.