ನೀರೊಳಗಿದ್ದೂ ನೆನೆಯದ ಉಡುಪು

ಐಸ್‌ಲೆಂಡ್ ದೇಶದ ಥಿಂಗ್ವೆಲ್ಲಿರ್ ರಾಷ್ಟ್ರೀಯ ಉದ್ಯಾನದಲ್ಲಿ ಸಿಲ್ಫ್ರಾ ಎಂಬ ನೀರು ತುಂಬಿದ ಬಿರುಕೊಂದಿದೆ. ಯೂರೋಪು ಹಾಗೂ ಉತ್ತರ ಅಮೆರಿಕಗಳನ್ನು ಹೊತ್ತ ಭೂಫಲಕಗಳು ಪರಸ್ಪರ ದೂರ ಸರಿಯುವೆಡೆಯಲ್ಲಿ ನೆಲ ಸೀಳಿ ಉಂಟಾದುದು ಅದು. ಹಿಮನದಿಯ ನೀರು ಲಾವಾಶಿಲೆಗಳ ನಡುವೆ ದಶಕಗಳ ಕಾಲ ಸೋಸಿ ಅಲ್ಲಿಗೆ ಬರುತ್ತದೆ. ಸ್ಫಟಿಕದಂತೆ ತಿಳಿಯಾದ ಆ ನೀರಿನ ಉಷ್ಣತೆ ವರ್ಷವಿಡೀ ೨ರಿಂದ ೪ ಡಿಗ್ರಿ ಸೆಲ್ಸಿಯಸ್ ಮಾತ್ರ! ಗಾಳಿಯ ಸಿಲಿಂಡರನ್ನು ಬೆನ್ನಿಗೆ ಹೊತ್ತು ಅಲ್ಲಿ ಮುಳುಗಲಿಚ್ಛಿಸುವವರು ‘ಡ್ರೈಸೂಟ್’ ಎಂಬ ಒಣ ಉಡುಪನ್ನು ಧರಿಸಲೇಬೇಕು. ಅದರ ಬಳಕೆಯನ್ನು ಬಲ್ಲೆವೆಂಬುದಕ್ಕೆ ದಾಖಲೆಯನ್ನೂ ತೋರಿಸಬೇಕು.

ಉಡುಪಿನ ವಿಷಯದಲ್ಲಿ ಇಷ್ಟೊಂದು ಕಟ್ಟುನಿಟ್ಟು ಏಕೆ? ನೀರು ಗಾಳಿಗಿಂತ ಸುಮಾರು ೨೫ ಪಟ್ಟು ಹೆಚ್ಚು ವೇಗದಿಂದ ಶಾಖವನ್ನು ಸಾಗಿಸುತ್ತದೆ. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲಿನ ಬೆಚ್ಚನೆಯ ಕಡಲಿನಲ್ಲಿ ಮೈ ನೆನೆದರೂ ಬಾಧಕವಿಲ್ಲ. ಹಿಮಜಲದಲ್ಲಿ ಹಾಗಲ್ಲ. ಅಲ್ಲಿ ಮೊದಲು ಬೆರಳುಗಳು ಮರಗಟ್ಟುವುವು. ಅನಂತರ ಬುದ್ಧಿ ಮಂಕಾಗುವುದು.

ಕತ್ತು ಮತ್ತು ಮಣಿಕಟ್ಟುಗಳಲ್ಲಿ ರಬ್ಬರಿನ ಬಿಗಿಪಟ್ಟಿ, ನೀರು ಒಸರದ ಜಿಪ್ಪು, ಕಾಲಿಗೆ ಕೂಡಿಸಿದ ಬೂಟು—ಇವು ಒಣ ಉಡುಪಿನ ಮುಖ್ಯ ಅಂಗಗಳು. ಆದರೆ ಹೊರಗಿನ ತೆಳು ಪದರ ನೀರನ್ನು ತಡೆಯುತ್ತದೆಯೇ ಹೊರತು ಮೈಯನ್ನು ಬೆಚ್ಚಗಿಡುವುದಿಲ್ಲ. ಆ ಕೆಲಸ ಒಳಉಡುಪು ಹಿಡಿದಿಟ್ಟ ಗಾಳಿಯದು. ಆದುದರಿಂದ ಒಳಗೆ ಉಣ್ಣೆಯ ಅಥವಾ ಕೃತಕ ನೂಲಿನ ಬಟ್ಟೆಯಿರಬೇಕು. ಬೆವರನ್ನು ಹೀರಿ ತೇವವಾಗಿಯೇ ಉಳಿಯುವ ಹತ್ತಿಬಟ್ಟೆ ಇಲ್ಲಿಗೆ ಸಲ್ಲದು.

ಉಡುಪನ್ನು ಆರಿಸುವಾಗ ಈ ದಪ್ಪನೆಯ ಒಳಉಡುಪನ್ನು ತೊಟ್ಟೇ ಅಳತೆ ನೋಡಬೇಕು. ಕುಕ್ಕರಗಾಲಿನಲ್ಲಿ ಕುಳಿತಾಗ ತೊಡೆಸಂದಿಯಲ್ಲಿ ಬಿಗಿಯಬಾರದು. ಎರಡು ಕೈಗಳನ್ನೂ ತಲೆಯ ಮೇಲಕ್ಕೆತ್ತಿದಾಗ ಮಣಿಕಟ್ಟಿನ ಪಟ್ಟಿ ಜಾರಬಾರದು. ಬೆನ್ನ ಮೇಲಿನ ಸಿಲಿಂಡರಿನ ತಿರುಪಿಗೆ ಕೈ ನಿಲುಕಬೇಕು. ಬೂಟು ಸಡಿಲವಾದರೆ ಪಾದ ಅದರಿಂದ ಕಳಚಿಕೊಳ್ಳುವುದು. ಕತ್ತಿನ ಪಟ್ಟಿಯಲ್ಲಂತೂ ಹೆಚ್ಚಿನ ಎಚ್ಚರ ಅಗತ್ಯ. ಸಡಿಲವಾದರೆ ನೀರು ನುಗ್ಗುತ್ತದೆ. ಅತಿ ಬಿಗಿಯಾದರೆ ಕತ್ತಿನ ರಕ್ತನಾಳಗಳು ಅದುಮಿ ತಲೆ ಸುತ್ತಬಹುದು, ಮೂರ್ಛೆಯೂ ಬರಬಹುದು. ರಬ್ಬರಿನ ಪಟ್ಟಿಯನ್ನು ನುರಿತವರು ಒಂದೊಂದೇ ಸುತ್ತಾಗಿ ಕತ್ತರಿಸಿ ಹದಗೊಳಿಸುತ್ತಾರೆ. ಅವಸರದಲ್ಲಿ ಕತ್ತರಿಸಿದುದನ್ನು ಮತ್ತೆ ಸೇರಿಸಲಾಗದಷ್ಟೆ!

ದೊಡ್ಡ ಅಳತೆಯದನ್ನು ಕೊಂಡರೆ ಹಾಯಾಗಿರುವುದಲ್ಲವೆ ಎಂದು ಕೆಲವರು ಬಗೆಯಬಹುದು. ಪ್ರಾಣಾಪಾಯ ಅಡಗಿರುವುದು ಅಲ್ಲಿಯೇ. ಹತ್ತು ಮೀಟರು ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟಾಗಿ, ಉಡುಪಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಬಟ್ಟೆ ಮೈಯನ್ನು ಹಿಂಡತೊಡಗುತ್ತದೆ. ಆಗ ಎದೆಯ ಮೇಲಿನ ಗುಂಡಿಯನ್ನೊತ್ತಿ ಸಿಲಿಂಡರಿನಿಂದ ಸ್ವಲ್ಪ ಗಾಳಿಯನ್ನು ಒಳಗೆ ಬಿಡಬೇಕು. ಮೇಲೇರುವಾಗ ಅದೇ ಗಾಳಿ ಹಿಗ್ಗುವುದರಿಂದ ಎಡತೋಳಿನ ಕವಾಟದ ಮೂಲಕ ಅದನ್ನು ಹೊರಬಿಡಬೇಕು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಗಾಳಿಗೆ ಒಪ್ಪುತ್ತದೆ. ಸಡಿಲ ಉಡುಪಿನಲ್ಲಿ ಹೆಚ್ಚಾದ ಗಾಳಿ ಅತ್ತಿತ್ತ ಹರಿದಾಡಿ, ತಲೆ ಕೆಳಗಾದೊಡನೆ ಕಾಲುಗಳಿಗೆ ನುಗ್ಗುತ್ತದೆ. ಕಾಲುಗಳು ಬೆಲೂನುಗಳಾಗಿ ಮನುಷ್ಯನನ್ನು ಮೇಲಕ್ಕೆ ಸೆಳೆಯುತ್ತವೆ. ಏರಿದಷ್ಟೂ ಗಾಳಿ ಹಿಗ್ಗುವುದು; ಹಿಗ್ಗಿದಷ್ಟೂ ವೇಗ ಹೆಚ್ಚುವುದು. ಉಸಿರು ಕಟ್ಟಿ ಹಿಡಿದರೆ ಶ್ವಾಸಕೋಶ ಬಿರಿಯಬಹುದು. ರಕ್ತದಲ್ಲಿ ಕರಗಿದ್ದ ಸಾರಜನಕ ಗುಳ್ಳೆಗಟ್ಟಿ ಅಂಗಗಳ ಸ್ವಾಧೀನ ತಪ್ಪಬಹುದು. ಮೊಣಕಾಲುಗಳನ್ನು ಎದೆಗೆ ಮಡಚಿ, ಉರುಳಿ ಕಾಲುಗಳನ್ನು ಕೆಳಗೆ ತಂದು, ಕವಾಟದಿಂದ ಗಾಳಿಯನ್ನು ಬಿಡುವುದೇ ಇದಕ್ಕೆ ಪರಿಹಾರ. ಇದನ್ನು ಶಿಕ್ಷಕರ ಸಮ್ಮುಖದಲ್ಲಿ, ಆಳವಿಲ್ಲದ ಕೊಳದಲ್ಲಿ, ಮೈಗೂಡುವವರೆಗೆ ಅಭ್ಯಾಸ ಮಾಡಬೇಕು.

ಉಡುಪಿನ ಆರೈಕೆಯೂ ಅಷ್ಟೇ ಮುಖ್ಯ. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಲೋಹದ ಜಿಪ್ಪಿಗೆ ಮೇಣ ಸವರಬೇಕು. ಬಿಗಿಪಟ್ಟಿಗಳಲ್ಲಿ ಬಿರುಕು ಕಂಡೊಡನೆ ಬದಲಾಯಿಸಬೇಕು.

ಊರಿನ ಬೀದಿಯಲ್ಲಿ ಅಂಗಿಯ ಅಳತೆ ತಪ್ಪಿದರೆ ನೋಡಿದವರು ನಕ್ಕು ಸುಮ್ಮನಾಗುತ್ತಾರೆ. ಹಿಮಜಲದ ಆಳದಲ್ಲಿ ಅದೇ ತಪ್ಪಿಗೆ ಪ್ರಾಣವನ್ನೇ ತೆರಬೇಕಾದೀತು. ಕೊಳ್ಳುವ ಮುನ್ನ ಅಳತೆಗಾಗಿ ಕಳೆದ ಒಂದು ಗಂಟೆ, ಆದುದರಿಂದ, ಎಂದಿಗೂ ವ್ಯರ್ಥವಲ್ಲ.