ಮುಚ್ಚಿರಬೇಕು, ಆದರೆ ಬೀಗ ಬೀಳಬಾರದು

ಗುಂಡಗುರ್ತಿಯ ನಮ್ಮ ಮನೆಯ ತಲೆಬಾಗಿಲು ಬೆಳಗಿನಿಂದ ಸಂಜೆಯವರೆಗೂ ತೆರೆದೇ ಇರುತ್ತಿತ್ತು. ಮಲಗುವ ಮುನ್ನ ಅಜ್ಜ ಅಗುಳಿ ಹಾಕಿ, ಮತ್ತೊಮ್ಮೆ ತಳ್ಳಿ ನೋಡುತ್ತಿದ್ದರು. ಬಾಗಿಲೆಂದರೆ ಹಗಲು ತೆರೆದಿಡಬೇಕಾದದ್ದು, ಇರುಳು ಭದ್ರಪಡಿಸಬೇಕಾದದ್ದು ಎಂಬ ತಿಳಿವಳಿಕೆಯೊಂದಿಗೇ ನಾನು ಬೆಂಗಳೂರಿಗೆ ಬಂದೆ. ಕಟ್ಟಡಗಳಲ್ಲಿ ಉಕ್ಕಿನ ಅಗ್ನಿನಿರೋಧಕ ಬಾಗಿಲುಗಳನ್ನು ಕೂರಿಸುವ ಕೆಲಸದ ಮೇಲ್ವಿಚಾರಣೆಗೆ ನಿಂತಾಗ ಅದನ್ನು ಮರೆಯಬೇಕಾಯಿತು. ಈ ಬಾಗಿಲಿನ ಧರ್ಮವೇ ಬೇರೆ. ಅದು ಸದಾ ಮುಚ್ಚಿರಬೇಕು. ಅದಕ್ಕೆ ಎಂದಿಗೂ ಬೀಗ ಬೀಳಬಾರದು.

ಏಕೆಂದರೆ, ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ವಿದ್ಯುತ್ ತಂತಿಗಳ ಮಾರ್ಗದಿಂದ ಎದ್ದ ಹೊಗೆ ಮಹಡಿಯಿಂದ ಮಹಡಿಗೆ ಏರಿತ್ತು. ಉಸಿರುಗಟ್ಟಿದವರು ಕಿಟಕಿಯ ಗಾಜು ಒಡೆದರು, ಕೆಲವರು ಕೆಳಕ್ಕೆ ಜಿಗಿದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತದ್ದೂ ಬಹುಪಾಲು ಉಸಿರುಗಟ್ಟಿಯೇ.

ಮೆಟ್ಟಿಲಿನ ಹಾದಿಗೆ ಹೊಗೆ ನುಗ್ಗದಂತೆ ತಡೆಯುವುದೇ ಈ ಬಾಗಿಲಿನ ಕೆಲಸ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು 120 ನಿಮಿಷ ಬೆಂಕಿಯನ್ನು ತಾಳಬೇಕು. ಚೌಕಟ್ಟನ್ನು ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು ನೇರವಾಗಿ ನಿಲ್ಲಿಸಿ, ಗೋಡೆಯ ಕಡೆಯ ಸಂದನ್ನು ಪೂರ್ತಿ ತುಂಬಬೇಕು. ಭಾರವಾದ ಕದವನ್ನು ಮೂರು ನಾಲ್ಕು ಮಂದಿ ಎತ್ತಿ ಕೂರಿಸಿದ ಮೇಲೆ, ಅದಕ್ಕೂ ಚೌಕಟ್ಟಿಗೂ ನಡುವೆ ಉಳಿಯಬೇಕಾದ ಬಿಡುವು ಮೂರು ಮಿಲಿಮೀಟರಿನ ಆಸುಪಾಸು. ಅಂಚಿನ ಪಟ್ಟಿ ಕಾವಿಗೆ ಉಬ್ಬಿ ಆ ಬಿಡುವನ್ನೂ ಮುಚ್ಚುತ್ತದೆ. ಕೈಬಿಟ್ಟರೆ ಕದ ತಾನಾಗಿ ಮುಚ್ಚಿಕೊಳ್ಳಲು ಮೇಲೊಂದು ಕ್ಲೋಸರ್ ಇರುತ್ತದೆ. ಇಷ್ಟೆಲ್ಲ ಲೆಕ್ಕಾಚಾರವನ್ನು ಒಂದು ಕಲ್ಲು ಕೆಡಿಸಬಲ್ಲದು.

ಆ ಕಲ್ಲನ್ನು ನಾನು ಕಂಡದ್ದು ನಾವೇ ವಾಸಿಸುವ ಕಟ್ಟಡದಲ್ಲಿ. ಆರನೆಯ ಮಹಡಿಯ ಮೆಟ್ಟಿಲ ಬಾಗಿಲು ಮುಚ್ಚದಂತೆ ಶಹಾಬಾದಿ ಕಲ್ಲಿನ ತುಂಡೊಂದನ್ನು ಯಾರೋ ಒತ್ತಾಗಿ ಇಟ್ಟಿದ್ದರು. ಕಾವಲುಗಾರನನ್ನು ಗದರಿಸಿದೆ. ‘ಅಮ್ಮನವರೇ ಇಡೋಕೆ ಹೇಳಿದ್ರು ಸರ್’ ಎಂದ. ಮನೆಗೆ ಬಂದು ತಾಯಿಯನ್ನು ಕೇಳಿದೆ. ‘ಆ ಬಾಗ್ಲಾ ನನ್ನ ಕೈಲೆ ನೂಕಾಕ ಆಗಂಗಿಲ್ಲೋ ತಮ್ಮಾ’ ಎಂದರು.

ಹೋಗಿ ತಳ್ಳಿ ನೋಡಿದೆ. ಕ್ಲೋಸರ್ ವಿಪರೀತ ಬಿಗಿಯಾಗಿತ್ತು. ಎಪ್ಪತ್ತು ದಾಟಿದವರು ತಳ್ಳಲಾಗದ ಬಾಗಿಲನ್ನು ಹೊಗೆಯಲ್ಲಿ ಯಾರು ತಳ್ಳಿಯಾರು? ತಪ್ಪು ಕಲ್ಲಿಟ್ಟವರದಷ್ಟೇ ಅಲ್ಲ, ಕೂರಿಸಿ ಕೈತೊಳೆದುಕೊಂಡವರದೂ ಹೌದು. ಕ್ಲೋಸರಿನ ಬಿಗುವನ್ನು ತಿರುಪಿನಿಂದ ಹದಗೊಳಿಸಬಹುದು. ಬಾಗಿಲು ತೆರೆದೇ ಇರಬೇಕಾದ ಕಡೆ, ಅಪಾಯದ ಗಂಟೆ ಬಾರಿಸಿದೊಡನೆ ಕದವನ್ನು ಬಿಟ್ಟುಕೊಡುವ ವಿದ್ಯುದಯಸ್ಕಾಂತವೂ ಉಂಟು. ಬಳಸುವವರಿಗೆ ಒಗ್ಗದ ಸುರಕ್ಷತೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಇಂದು ಮನೆಗೆ ಮರಳುವಾಗ ನಿಮ್ಮ ಕಟ್ಟಡದ ಮೆಟ್ಟಿಲ ಬಾಗಿಲನ್ನೊಮ್ಮೆ ತಳ್ಳಿ ನೋಡಿ. ಸುಲಭವಾಗಿ ತೆರೆಯುತ್ತದೆಯೇ? ಬಿಟ್ಟೊಡನೆ ಪೂರ್ತಿ ಮುಚ್ಚುತ್ತದೆಯೇ? ಬೀಗ ನೇತಾಡುತ್ತಿದೆಯೇ? ನಮ್ಮ ಮಹಡಿಯ ಬಾಗಿಲನ್ನು ಈಗ ಅಮ್ಮ ಒಂದೇ ಕೈಯಲ್ಲಿ ನೂಕುತ್ತಾರೆ. ಕಲ್ಲು ಬಾಲ್ಕನಿಯ ತುಳಸಿ ಕುಂಡದ ಅಡಿಗೆ ಹೋಗಿದೆ.